ಮಡಿಕೇರಿಯಲ್ಲಿ ಚೆಲ್ಲಿದ ನೀರು

ಅಕ್ಟೋಬರ್ ಹನ್ನೆರಡು, ಭಾನುವಾರ, ಬೆಳಿಗ್ಗೆ ಐದು ಗಂಟೆ. ಮಡಿಕೇರಿ ಪೇಟೆಯ ಕೆಳಗಿನ ಇಳಿಜಾರಿನಲ್ಲಿ ಯಾರದೋ ಖಾಲಿ ಮೈದಾನ. ಅದರಲ್ಲಿ ನಾವು ಬಾಡಿಗೆಗೆ ತಂದ ಕ್ಯಾರವಾನ್. ಒಳಗಿದ್ದವರು ನನ್ನ ಮಗ, ಸೊಸೆ, ಅವರ ಏಳು ವರ್ಷದ ಮಗಳು, ಸೊಸೆಯ ತಾಯಿ ಮತ್ತು ನಾನು. ಚಂದಾಪುರದ ಡ್ರೈವರ್ ಮುಂದಿನ ಸೀಟನ್ನು ಹಿಂದಕ್ಕೆ ಬಾಗಿಸಿ ಮಫ್ಲರ್ ಸುತ್ತಿಕೊಂಡು ಮಲಗಿದ್ದರು.

ನಾನು ಕಣ್ಣು ಬಿಟ್ಟಾಗ ಪಕ್ಕದ ಜಾಗ ಖಾಲಿಯಿತ್ತು. ರಾತ್ರಿ ನನ್ನ ಬಳಿ ಮಲಗಿದ್ದ ಮೊಮ್ಮಗಳು ಯಾವಾಗಲೋ ಎದ್ದು ಎದುರಿನ ಹಾಸಿಗೆಗೆ ಹೋಗಿ ಬೀಗಿತ್ತಿಯ ಕೌದಿಯೊಳಗೆ ಸೇರಿಕೊಂಡಿದ್ದಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ಆ ಹೊದಿಕೆಯಿಂದ ಪುಟ್ಟ ಪಾದವೊಂದು ಮಾತ್ರ ಹೊರಗಿತ್ತು. ಇದು ಎರಡನೆಯ ರಾತ್ರಿ. ಬೆಂಗಳೂರು ಬಿಡುವ ಮೊದಲೇ ಯಾರು ಎಲ್ಲಿ ಮಲಗಬೇಕು, ಯಾರು ಯಾವ ಹೊತ್ತಿಗೆ ಸ್ನಾನ ಮಾಡಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಕ್ಯಾರವಾನಿನ ಪುಟ್ಟ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಅದರಲ್ಲಿ ಮಗು ನನ್ನ ಜೊತೆ ಎಂದಿತ್ತು. ಬೀಗಿತ್ತಿ ಆಗಲೇ ಮುಖ ತೊಳೆದು, ಮಗುವಿನ ತಲೆಯ ಹತ್ತಿರ ಕೂತು ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ನಕ್ಕು, ಮಗು ಏಳಬಾರದೆಂದು ಬಾಯಿಯ ಮೇಲೆ ಬೆರಳಿಟ್ಟರು. ನನ್ನ ಮೊಮ್ಮಗಳ ನಿದ್ದೆಯನ್ನು ನನ್ನಿಂದ ಕಾಪಾಡುವವರ ಹಾಗೆ.

ಈ ಪ್ರಯಾಣ ಬರೀ ಪ್ರವಾಸವಾಗಿರಲಿಲ್ಲ. ಸೊಸೆಯ ಆಫೀಸಿನಲ್ಲಿ ಇನ್ನು ಮೇಲೆ ವಾರದ ಐದೂ ದಿನ ಬರಬೇಕೆಂದು ಹೇಳಿದ್ದರು. ಬ್ರೂಕ್‌ಫೀಲ್ಡಿನ ಅವರ ಮನೆಯಲ್ಲಿ ಮಗು ಶಾಲೆಯಿಂದ ಬಂದಾಗ ಯಾರಾದರೂ ಇರಬೇಕು. ಇಬ್ಬರು ಅಜ್ಜಿಯರಲ್ಲಿ ಒಬ್ಬರು ಅಲ್ಲಿಗೆ ಬಂದು ನೆಲೆಸುವುದು ಎಂದಾಯಿತು. ಮನೆಯಲ್ಲಿರುವುದು ಒಂದೇ ಹೆಚ್ಚುವರಿ ಕೋಣೆ. ಊರು ಸುತ್ತಿ ಬರೋಣ, ವಾಪಸು ಬರುವಾಗ ಹೇಳುತ್ತೇವೆ ಎಂದಿದ್ದ ಮಗ. ನನ್ನ ಮಟ್ಟಿಗೆ ಹೇಳುವುದಕ್ಕೆ ಏನೂ ಇರಲಿಲ್ಲ. ನಾನು ಮಗನ ತಾಯಿ, ಅದು ಮಗನ ಮನೆ. ಹೆಣ್ಣು ಕೊಟ್ಟವರು ಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಕೂರುವ ಪದ್ಧತಿ ನಮ್ಮಲ್ಲೂ ಇಲ್ಲ, ರಾಣೆಬೆನ್ನೂರಿನ ಬೀಗರಲ್ಲೂ ಇಲ್ಲ. ಈ ಮಾತನ್ನು ನಾನು ಎರಡು ಸಲ, ಯಾರಿಗೂ ನೇರವಾಗಿ ಅಲ್ಲದಂತೆ, ಎಲ್ಲರಿಗೂ ಕೇಳುವಂತೆ ಆಡಿದ್ದೆ.

ಆದರೂ ಶುಕ್ರವಾರ ವೈಟ್‌ಫೀಲ್ಡಿನಲ್ಲಿ ಗಾಡಿ ಹತ್ತಿದಾಗಿನಿಂದ ಒಂದೊಂದೇ ನನ್ನ ಕೈ ತಪ್ಪುತ್ತಿತ್ತು. ನಾನು ಅಳತೆಯಲ್ಲಿ ಲಟ್ಟಿಸಿ, ಒಬ್ಬರಿಗೆ ನಾಲ್ಕರಂತೆ ಕಟ್ಟಿ ತಂದ ಚಪಾತಿ ಡಬ್ಬಿಯಲ್ಲೇ ಉಳಿಯಿತು. ಬೀಗಿತ್ತಿ ತಂದ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಗೆ ನನ್ನ ಮಗನೇ ಎರಡೆರಡು ಸಲ ಕೈ ಚಾಚಿದ. ನಾನು ಗಡಿಯಾರ ನೋಡಿ ಎಲ್ಲರನ್ನೂ ಎಬ್ಬಿಸಿದರೆ, ಕೈಗಡಿಯಾರವೇ ಇಲ್ಲದ ಅವರು ಎಷ್ಟಾತು ಎಂದು ಮಗುವನ್ನು ಕೇಳಿ, ಅವಳು ತಪ್ಪು ಹೇಳಿದರೂ ಹೌದೆಂದು ತಲೆಯಾಡಿಸುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚುತ್ತಿದ್ದದ್ದು ಹೆಸರು. ಮಗು ಅವರನ್ನು ಆಯಿ ಎಂದು ಕರೆಯುತ್ತದೆ. ನಾನು ಜಾಲಹಳ್ಳಿ ಅಜ್ಜಿ. ಅವರಿಗೆ ಎರಡೇ ಅಕ್ಷರ ಸಾಕು. ನನಗೆ ವಿಳಾಸ ಬೇಕು.

ಕೌದಿಯಿಂದ ಹೊರಗಿದ್ದ ಆ ಪಾದವನ್ನು ನೋಡುತ್ತ ಕೂರಲಾರದೆ ಸ್ವೆಟರ್ ಹಾಕಿಕೊಂಡು ಕೆಳಗಿಳಿದೆ. ಮಂಜು ದಟ್ಟವಾಗಿತ್ತು. ರಾತ್ರಿಯ ಜಿಟಿಜಿಟಿ ಮಳೆಗೆ ನೆಲವೆಲ್ಲ ತೊಯ್ದಿತ್ತು. ಮೇಲೆ ಪೇಟೆಯ ಕಡೆ ನಾಲ್ಕೈದು ದೀಪ ಬಿಟ್ಟರೆ ಬೆಟ್ಟವೂ ಇಲ್ಲ, ಕೋಟೆಯೂ ಇಲ್ಲ. ಮೈದಾನದ ಮೂಲೆಯಲ್ಲಿ ಒಂದು ನಲ್ಲಿಯಿತ್ತು. ಶುಕ್ರವಾರ ಸಂಜೆಯೇ ನೋಡಿಟ್ಟುಕೊಂಡಿದ್ದೆ.

ನಾನು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವಳು. ಕ್ವಾರ್ಟರ್ಸಿನಲ್ಲಿ ಬೆಳಿಗ್ಗೆ ಐದೂವರೆಗೆ ನೀರು ಬರುತ್ತಿತ್ತು, ಆರೂವರೆಗೆ ನಿಲ್ಲುತ್ತಿತ್ತು, ಏಳಕ್ಕೆ ಸೈರನ್. ಐದಕ್ಕೆ ಎದ್ದು ಕೊಡ, ಬಕೆಟ್, ಹಂಡೆಗಳಲ್ಲಿ ಉಳಿದ ಹಿಂದಿನ ದಿನದ ನೀರನ್ನು ಚೆಲ್ಲಿ, ಪಾತ್ರೆಗಳನ್ನು ಉಜ್ಜಿಟ್ಟು, ನಲ್ಲಿ ಸದ್ದು ಮಾಡುವುದನ್ನು ಕಾಯುವುದು. ಆ ಸಾಲಿನ ಮನೆಗಳ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದೆವು. ಹಳೆ ನೀರಿನ ಮೇಲೆ ಹೊಸ ನೀರು ಹಿಡಿಯುವುದು ಸೋಮಾರಿಗಳ ಕೆಲಸ. ಈಗ ನನ್ನ ಸ್ವಂತ ಮನೆಯಲ್ಲಿ ದಿನವಿಡೀ ನೀರಿದೆ. ಆದರೂ ಬೆಳಿಗ್ಗೆ ಎದ್ದೊಡನೆ ಕೈ ಅದನ್ನೇ ಮಾಡುತ್ತದೆ.

ಕ್ಯಾರವಾನಿನ ಟ್ಯಾಂಕು ಹಿಂಬದಿಯಲ್ಲಿ, ಚಕ್ರದ ಪಕ್ಕ. ಅದರ ತಳದಲ್ಲಿ ಕೆಂಪು ಹಿಡಿಯ ವಾಲ್ವ್. ಗಾಡಿ ವಾಪಸು ಕೊಡುವಾಗ ಅದನ್ನು ತಿರುಗಿಸಿ ನೀರು ಖಾಲಿ ಮಾಡುತ್ತೇವೆಂದು ಡ್ರೈವರ್ ಮೊದಲ ದಿನ ತೋರಿಸಿದ್ದರು. ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಒಳಗಿದ್ದದ್ದು ಹಿಂದಿನ ಮಧ್ಯಾಹ್ನದ ನೀರು. ಇನ್ನು ಅರ್ಧ ಗಂಟೆಗೆ ಮೂಲೆಯ ನಲ್ಲಿ ಬರುತ್ತದೆ. ಮಗು ಎದ್ದು ಹಲ್ಲುಜ್ಜುವ ಹೊತ್ತಿಗೆ ಹೊಸ ನೀರು ತುಂಬಿರಲಿ, ಅದನ್ನು ತುಂಬಿದವಳು ನಾನಾಗಿರಲಿ. ಹಿಡಿ ತಿರುಗಿಸಿದೆ. ಟ್ಯಾಂಕಿನ ನೀರೆಲ್ಲ ಹುಲ್ಲಿನಲ್ಲಿ ಹರಿದು ಇಳಿಜಾರಿಗೆ ಹೋಯಿತು. ಕೊನೆಯ ಹನಿ ಬಿದ್ದ ಮೇಲೆ ಹಿಡಿಯನ್ನು ಮೊದಲಿನಂತೆ ತಿರುಗಿಸಿಟ್ಟೆ.

ಐದೂವರೆಯಾಯಿತು, ಆರಾಯಿತು. ನಲ್ಲಿ ಕೆಮ್ಮಲೂ ಇಲ್ಲ. ಆರೂಕಾಲಿಗೆ ಹಾಲು ಹಾಕಲು ಹೊರಟಿದ್ದ ಒಬ್ಬರನ್ನು ಕೇಳಿದೆ. ಅಲ್ಲಿ ದಿನ ಬಿಟ್ಟು ದಿನ ನೀರು, ಅದೂ ಸಂಜೆ ಎಂದು ಹೇಳಿ ಹೋದರು.

ಮಗ ಎದ್ದ ಕೂಡಲೇ ಹೇಳಬೇಕೆಂದೇ ಒಳಗೆ ಹೋದೆ. ಅಷ್ಟರಲ್ಲಿ ಸೊಸೆ ನಿದ್ದೆಗಣ್ಣಲ್ಲಿ ನಲ್ಲಿಯನ್ನು ಅತ್ತಿತ್ತ ತಿರುಗಿಸಿ ಬಚ್ಚಲಿನಿಂದ ನೀರಿಲ್ಲವೆಂದು ಕೂಗಿದಳು. ಡ್ರೈವರ್ ಇಳಿದು ಟಾರ್ಚ್ ಹಾಕಿ ನೋಡಿ ಬಂದು, "ಟ್ಯಾಂಕ್ ಖಾಲಿ ಆಗ್ಬಿಟ್ಟೈತೆ ಸಾರ್. ಕೆಳಗಡೆ ವಾಲ್ವ್ ಮುಚ್ಚಿದ್ದು ಮುಚ್ಚಿದ್ದಂಗೇ ಐತೆ. ಒಳಗೆ ಯಾರೋ ನಲ್ಲಿ ಬಿಟ್ಟವ್ರೆ ಅಷ್ಟೇ" ಎಂದರು. ಯಾರು ಮೊದಲು ಎದ್ದದ್ದು ಎಂದು ಮಗ ಕೇಳಿದ. ಅವನು ನನ್ನ ಕಡೆ ತಿರುಗಲೂ ಇಲ್ಲ. "ಅಮ್ಮನ ಕೈಲಿ ಇಂಥದ್ದು ಆಗೋದೇ ಇಲ್ಲ" ಎಂದು ಡ್ರೈವರಿಗೆ ಹೇಳಿದ.

ಬೀಗಿತ್ತಿ ಕೌದಿ ಮಡಚುತ್ತಿದ್ದವರು ಅಲ್ಲೇ ನಿಂತರು. "ನಾನ ಎದ್ದಿದ್ದೆನಪಾ ಮೊದಲು. ಮಾರಿ ತೊಳಕೊಂಡೆ. ನಳ ಬಂದ್ ಮಾಡಿದ್ದೆ ಅನಸ್ತೈತಿ. ಮಾಡಿದ್ನೋ ಇಲ್ಲೋ."

ಹೇಳುವುದಕ್ಕೆ ಅದೇ ಹೊತ್ತು. ಬಾಯಲ್ಲಿ ಮಾತು ಸಿದ್ಧವಿತ್ತು. ಆದರೆ ಸೊಸೆ ತನ್ನ ತಾಯಿಯನ್ನು ನೋಡಿದ ನೋಟದಲ್ಲಿ ಒಂದು ಅನುಮಾನ ಸುಳಿದದ್ದನ್ನು ನಾನು ಕಂಡೆ. ನಲ್ಲಿ ತೆರೆದಿಟ್ಟು ಮರೆಯುವವರ ಕೈಯಲ್ಲಿ, ಗ್ಯಾಸ್ ಒಲೆಯಿರುವ ಮನೆಯಲ್ಲಿ, ಮಗುವನ್ನು ಹೇಗೆ ಬಿಡುವುದು ಎಂಬ ಅನುಮಾನ. ಎರಡು ದಿನದಿಂದ ನಾನು ಹುಡುಕುತ್ತಿದ್ದದ್ದು ಅದನ್ನೇ. ಬಾಯಿ ಮುಚ್ಚಿಕೊಂಡೆ.

ಕ್ಯಾನ್ ನೀರು ತರಿಸಿ, ಮೇಲಿನ ಹೋಟೆಲಿನ ಕೈತೊಳೆಯುವಲ್ಲಿ ಸರದಿ ನಿಂತು, ಎಲ್ಲರೂ ಸಿದ್ಧರಾಗುವಷ್ಟರಲ್ಲಿ ಎಂಟೂವರೆ. ರಾಜಾಸೀಟಿಗೆ ಬೆಳಿಗ್ಗೆ ಹೋಗುವುದು ತಪ್ಪಿತು. ಹೋಟೆಲಿನಲ್ಲಿ ನಾನು ಉಪ್ಪಿಟ್ಟು ತಿಂದೆ, ಚೆನ್ನಾಗಿತ್ತು. ಬೀಗಿತ್ತಿ ಒಂದು ಲೋಟ ಚಹಾ ಮಾತ್ರ ಕುಡಿದರು.

ಕ್ಯಾರವಾನ್ ಆ ಬೀದಿಗಳಲ್ಲಿ ಹತ್ತುವುದಿಲ್ಲ. ಮಡಿಕೇರಿಯ ರಸ್ತೆಗಳು ಎದ್ದು ಬಿದ್ದು ಹೋಗುತ್ತವೆ. ಒಂದು ಅಂಗಡಿಯ ಮಾಡಿನ ಮಟ್ಟಕ್ಕೆ ಇನ್ನೊಂದರ ಮೆಟ್ಟಿಲು. ಎರಡು ಆಟೋ ಮಾಡಿ ಕೋಟೆಗೆ ಹೋದೆವು. ಎರಡು ದಿನದಿಂದ ಮಗು ಯಾವ ಆಟೋ ಹತ್ತಿದರೂ ಆಯಿಯ ಜೊತೆ. ಆ ದಿನ ಬೀಗಿತ್ತಿ ತಾವಾಗಿಯೇ ಅವಳನ್ನು ನನ್ನ ಕಡೆಗೆ ಸರಿಸಿ, ಅಜ್ಜಿ ಕೂಡ ಕುಂಡ್ರು ಎಂದರು. ನನ್ನ ತೊಡೆಯ ಮೇಲೆ ಅವಳ ಭಾರ ಬಿತ್ತು. ನನಗೆ ಸಂತೋಷವಾಯಿತು, ಆಗಲಿಲ್ಲವೆಂದು ಇಲ್ಲಿ ಬರೆದರೆ ಸುಳ್ಳಾಗುತ್ತದೆ.

ಕೋಟೆಯ ಒಳಗೆ ಅರಮನೆಯ ಪಕ್ಕ ಗಾರೆಯಿಂದ ಮಾಡಿದ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ಎತ್ತರ. ಮಗು ಅವುಗಳ ಸುತ್ತ ಓಡಿದಳು. ಕೋಟೆಯ ಗೋಡೆಯ ಮೇಲೆ ಹತ್ತುವ ಮೆಟ್ಟಿಲು ಮಳೆಗೆ ಜಾರುತ್ತಿತ್ತು. ಅವಳು ಓಡಿ ಬಂದು ಅಭ್ಯಾಸದಂತೆ ಆಯಿಯ ಕಡೆ ಕೈ ಚಾಚಿದಳು. ಬೀಗಿತ್ತಿ ತಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. "ನೀವ ಹಿಡೀರಿ ಅಕ್ಕಾರ" ಎಂದರು ನನಗೆ. ಮಗುವಿನ ಕೈ ನನ್ನ ಕೈಗೆ ಬಂತು. ಪ್ರತಿ ಮೆಟ್ಟಿಲಿಗೂ ಅವಳು ತಿರುಗಿ ಕೆಳಗೆ ನೋಡುತ್ತಿದ್ದಳು. ಆಯಿ ಯಾಕೆ ಬರುತ್ತಿಲ್ಲ, ಆಯಿಗೆ ಕೋಪ ಬಂತಾ ಎಂದು ಮೂರು ಸಲ ಕೇಳಿದಳು. ಕೈ ನನ್ನದಾಗಿದ್ದರೂ ಕಣ್ಣು ಅಲ್ಲೇ ಇತ್ತು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಕೆಳಗೆ ಬಂದಾಗ ಮಗ ಸೊಸೆ ಇಬ್ಬರೂ ಮಗುವನ್ನು ಕರೆದುಕೊಂಡು ಫೋಟೋ ತೆಗೆಯಲು ಆನೆಗಳ ಕಡೆ ಹೋದರು. ನಾವಿಬ್ಬರೇ ಕಟ್ಟೆಯ ಮೇಲೆ ಕೂತೆವು. ಬೀಗಿತ್ತಿ ತಮ್ಮ ಚೀಲದ ಜಿಪ್ಪನ್ನು ಎಳೆದು ನೋಡಿದರು. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದರು. ಜಿಪ್ಪು ಹಾಕಿಯೇ ಇದೆಯಲ್ಲ ಎಂದು ನನ್ನನ್ನೂ ಕೇಳಿದರು. ಹಾಕಿಯೇ ಇದೆ ಎಂದೆ.

"ನಮ್ಮವ್ವಗ ಹಿಂಗ ಸುರುವಾಗಿತ್ರಿ" ಎಂದರು ಅವರು, ಆನೆಗಳ ಕಡೆ ನೋಡುತ್ತ. "ಮೊದಲು ನಳ. ಆಮ್ಯಾಲ ಒಲಿ. ಕಡೀಕ ನನ್ನ ಹೆಸರ ಮರತ್ಲು. ಕೂಸಿನ್ನ ನನ್ನ ಕೈಯಾಗ ಕೊಡೂದು ಬ್ಯಾಡ ಅಕ್ಕಾರ. ಬ್ರೂಕ್‌ಫೀಲ್ಡ್‌ನ್ಯಾಗ ನೀವ ಇರ್ರಿ. ಇವತ್ತ ಮಗಳಿಗೆ ಹೇಳಿಬಿಡ್ತೇನಿ."

ನಾನು ಬಯಸಿದ್ದು ಅವರ ಬಾಯಿಂದಲೇ ಬಂದಿತ್ತು. ಹಾಗೆಲ್ಲ ಏನೂ ಇರುವುದಿಲ್ಲ ಕಣ್ರೀ ಎಂದೆ. ಅಷ್ಟೇ ಹೇಳಿದ್ದು. ಬ್ರೂಕ್‌ಫೀಲ್ಡಿನ ಕೋಣೆಯಲ್ಲಿ ನನ್ನ ಮಂಚ ಯಾವ ಗೋಡೆಗೆ ಹಾಕುವುದು, ಜಾಲಹಳ್ಳಿ ಮನೆಯ ಬೀಗದ ಕೈ ಯಾರ ಹತ್ತಿರ ಬಿಡುವುದು ಎಂದು ಓಂಕಾರೇಶ್ವರ ದೇವಸ್ಥಾನಕ್ಕೆ ಹೋಗುವ ದಾರಿಯಿಡೀ ಲೆಕ್ಕ ಹಾಕುತ್ತಿದ್ದೆ. ದೇವಸ್ಥಾನದ ಕೊಳದ ನಡುವೆ ಒಂದು ಪುಟ್ಟ ಮಂಟಪವಿದೆ, ಅಲ್ಲಿಯತನಕ ಕಟ್ಟಿದ ಕಾಲುದಾರಿ. ಬೀಗಿತ್ತಿ ಕೊಳದಿಂದ ದೂರ, ಗೋಡೆಗೆ ಒರಗಿ ನಿಂತು ಬೆರಳು ಮಡಚುತ್ತ ಏನೋ ಹೇಳಿಕೊಳ್ಳುತ್ತಿದ್ದರು. ಜಪವೆಂದುಕೊಂಡು ಹತ್ತಿರ ಹೋದೆ. ಜಪವಲ್ಲ. ತಮ್ಮ ಓಣಿಯ ಮನೆಗಳವರ ಹೆಸರುಗಳನ್ನು ಒಂದು ತುದಿಯಿಂದ ಹೇಳುತ್ತಿದ್ದರು, ನೆನಪಿದೆಯೋ ಇಲ್ಲವೋ ನೋಡಲು. ಮಧ್ಯದಲ್ಲಿ ಒಂದು ಮನೆಗೆ ಬಂದು ನಿಂತರು. ಹೆಸರು ಸಿಗಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದರು.

ಹನ್ನೊಂದೂವರೆಗೆ ಮಡಿಕೇರಿ ಬಿಟ್ಟೆವು. ಕ್ಯಾರವಾನಿನಲ್ಲಿ ಮಗು ನನ್ನ ಪಕ್ಕ ಕೂತಿದ್ದಳು. ಕುಶಾಲನಗರ ದಾಟುವವರೆಗೆ ನನ್ನೊಳಗೆ ನಾನೇ ವಾದ ಮಾಡಿದೆ. ಕಾರ್ಖಾನೆಯಲ್ಲಿ ನಾನು ಇದ್ದದ್ದು ತಪಾಸಣೆಯ ವಿಭಾಗದಲ್ಲಿ. ಭೂತಗನ್ನಡಿಯ ಕೆಳಗೆ ಸಣ್ಣ ಬಿಡಿಭಾಗಗಳನ್ನು ನೋಡಿ, ಕೆಟ್ಟದ್ದನ್ನು ಬೇರೆ ಮಾಡಿ, ಚೀಟಿ ಬರೆಯುವ ಕೆಲಸ. ನನ್ನ ಕೈಯಿಂದಲೇ ತಪ್ಪಾದರೆ ಚೀಟಿಯಲ್ಲಿ ನನ್ನದೇ ಟೋಕನ್ ನಂಬರ್. ಇನ್ನೊಬ್ಬಳ ನಂಬರ್ ಬರೆದವಳನ್ನು ಆ ಸಾಲಿನಲ್ಲಿ ಯಾರೂ ಊಟಕ್ಕೆ ಕರೆಯುತ್ತಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹುಣಸೂರಿನವರೆಗೆ ಸುಮ್ಮನಿದ್ದೆ, ಏಕೆಂದರೆ ಮಗು ನನ್ನ ತೋಳಿಗೆ ಒರಗಿ ನಿದ್ದೆ ಮಾಡುತ್ತಿದ್ದಳು.

ಹುಣಸೂರು ದಾಟಿದ ಮೇಲೆ ಒಂದು ಹೋಟೆಲಿನಲ್ಲಿ ಊಟಕ್ಕೆ ನಿಲ್ಲಿಸಿದರು. ಡ್ರೈವರ್ ಬೇರೆ ಮೇಜಿಗೆ ಹೋದರು. ನಾವು ಐವರು ಒಂದೇ ಮೇಜಿನಲ್ಲಿ. ಎಲೆಗೆ ಅನ್ನ ಬಿದ್ದ ಮೇಲೆ ಬೀಗಿತ್ತಿ ಮಗಳಿಗೆ ಹೇಳಿದರು: ಅವ್ವನ ಕಾಯಿಲೆ, ನಲ್ಲಿ, ಮರೆತ ಹೆಸರು, ಎಲ್ಲ. ಸೊಸೆಯ ಕಣ್ಣಲ್ಲಿ ನೀರು ಬಂತು. ನರದ ಡಾಕ್ಟರ್ ಹತ್ತಿರ ನಾಳೆಯೇ ಹೋಗೋಣ ಎಂದಳು. ಮಗ ಎಡಗೈಯಲ್ಲಿ ಫೋನ್ ತೆಗೆದು ಆಸ್ಪತ್ರೆಯ ಹೆಸರು ಹುಡುಕತೊಡಗಿದ. ಆಮೇಲೆ ಸೊಸೆ ನನ್ನ ಕಡೆ ತಿರುಗಿ, "ಹಂಗಾದ್ರೆ ಅತ್ತೆ, ನೀವೇ ಬಂದು..." ಎಂದು ಶುರು ಮಾಡಿದಳು.

"ನೀರು ಚೆಲ್ಲಿದ್ದು ನಾನು" ಎಂದೆ. "ಬೆಳಿಗ್ಗೆ ಐದೂ ಹತ್ತಕ್ಕೆ. ಹಿಂದಿನ ವಾಲ್ವ್ ತಿರುಗಿಸಿ ಪೂರ್ತಿ ಖಾಲಿ ಮಾಡ್ದೆ. ಮೂಲೆ ನಲ್ಲೀಲಿ ಹೊಸ ನೀರು ಬರುತ್ತೆ ಅಂದ್ಕೊಂಡಿದ್ದೆ. ಒಳಗಿನ ನಲ್ಲಿಗೂ ಅದಕ್ಕೂ ಸಂಬಂಧ ಇಲ್ಲ."

ಮಗನ ಬೆರಳು ಫೋನಿನ ಮೇಲೇ ನಿಂತಿತು. ಬಡಿಸುವವರು ಸಾಂಬಾರಿನ ಬಕೆಟ್ ಹಿಡಿದು ಬಂದು, ನಮ್ಮ ಮುಖಗಳನ್ನು ನೋಡಿ ಮುಂದೆ ಹೋದರು.

ಬೀಗಿತ್ತಿ ನಿಧಾನವಾಗಿ ಕೇಳಿದರು: "ಹಂಗಾದ್ರ ನಳ ನಾ ಬಂದ್ ಮಾಡಿದ್ದೆ?"

"ಮಾಡಿದ್ರಿ."

"ಖರೇ?"

"ಖಂಡಿತ ಕಣ್ರೀ. ನಾನು ಇಳಿಯೋವಾಗ ನೋಡಿದ್ದೆ, ಮುಚ್ಚಿತ್ತು."

ಅವರು ಎಲೆಯ ಅನ್ನವನ್ನು ಕಲಸಿ ಎರಡು ತುತ್ತು ತಿಂದರು. ಆ ದಿನ ಅವರು ತಿಂದ ಮೊದಲ ಅನ್ನ. ಆಮೇಲೆ ನನ್ನನ್ನು ನೋಡಿದರು. "ಬೆಳಗಿನಿಂದ ನಾನು ನಮ್ಮವ್ವನ್ನ ನೆನಸ್ಕೊಂತ ಕುಂತೇನಿ. ನೀವು ಬಾಜೂಕ ಕುಂತು ಉಪ್ಪಿಟ್ಟು ತಿಂದ್ರಿ ಅಕ್ಕಾರ" ಎಂದರು. ದನಿ ಏರಿರಲಿಲ್ಲ. ಮಗು ಮಾತ್ರ ಉತ್ಸಾಹದಿಂದ, ಅದಕ್ಕೇ ಅಲ್ವಾ ಅಜ್ಜಿ ನಾನು ಇವತ್ತು ಹಲ್ಲುಜ್ಜದೇ ಇದ್ದದ್ದು ಎಂದು ಕೇಳಿದಳು.

ಮೈಸೂರು, ಮಂಡ್ಯ, ಮದ್ದೂರು. ಮಗು ಎದ್ದು ಹೋಗಿ ಆಯಿಯ ತೊಡೆಯ ಮೇಲೆ ಕೂತಳು. ಬೀಗಿತ್ತಿ ಈ ಸಲ ಎರಡೂ ಕೈಯಿಂದ ಹಿಡಿದುಕೊಂಡರು. ರಾಮನಗರದ ಹತ್ತಿರ ಸೊಸೆ ಎದ್ದು ಬಂದು ನನ್ನ ಪಕ್ಕ ಕೂತಳು. ಅವಳು ನನ್ನ ಮುಖ ನೋಡದೆ, ಆದರೆ ಗೌರವ ಬಿಡದೆ ಮಾತಾಡಿದಳು.

"ಅತ್ತೆ, ಪಾಪು ಹತ್ರ ಅಮ್ಮ ಇರ್ಲಿ. ನೀರು ಚೆಲ್ಲಿದ್ದಕ್ಕಲ್ಲ. ಅದು ಯಾರ ಕೈಲಾದ್ರೂ ಆಗುತ್ತೆ. ಐದು ಗಂಟೆಗೆ ಆದದ್ದನ್ನ ನೀವು ಎರಡು ಗಂಟೆಗೆ ಹೇಳಿದ್ರಿ. ನಾನು ಆಫೀಸಲ್ಲಿದ್ದಾಗ ಮಗುಗೆ ಏನಾದ್ರೂ ಆದ್ರೆ ನಂಗೆ ಆಗ್ಲೇ ಗೊತ್ತಾಗ್ಬೇಕು."

ನಾನು ಜೀವಮಾನವೆಲ್ಲ ಸಮಯದಿಂದಲೇ ಇನ್ನೊಬ್ಬರನ್ನು ಅಳೆದವಳು. ಅವಳು ಅದೇ ಅಳತೆ ಹಿಡಿದಿದ್ದಳು, ತಪ್ಪೆನ್ನಲು ಆಗಲಿಲ್ಲ. ಮಗಳ ಮನೆಯಲ್ಲಿ ತಾಯಿ ನೆಲೆಸುವ ಪದ್ಧತಿ ಇಲ್ಲವೆಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನೂ ಆಡಲಿಲ್ಲ. ಸರಿಯಮ್ಮ ಎಂದೆ. ಶನಿವಾರಗಳಂದು ಬನ್ನಿ, ನಾವೂ ಕರೆದುಕೊಂಡು ಬರುತ್ತೇವೆ ಎಂದಳು. ಅದಕ್ಕೂ ಸರಿ ಎಂದೆ. ಎದುರಿನ ಸೀಟಿನಲ್ಲಿ ಬೀಗಿತ್ತಿ ಮಗುವಿನ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದರು, ಬೈತಲೆ ಸೊಟ್ಟ. ನಾನಾಗಿದ್ದರೆ ನೇರ ತೆಗೆಯುತ್ತಿದ್ದೆ. ಮಗು ಆ ಸೊಟ್ಟ ಬೈತಲೆಯಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಿದ್ದಳೆಂದರೆ ನಾನು ಕಿಟಕಿಯ ಕಡೆ ತಿರುಗಿದೆ.

ಏಳಕ್ಕೆ ಬ್ರೂಕ್‌ಫೀಲ್ಡ್. ಮಗ ಗಾಡಿ ಒಪ್ಪಿಸಲು ಡ್ರೈವರ್ ಜೊತೆ ವೈಟ್‌ಫೀಲ್ಡಿಗೆ ಹೋದ. ನಾನು ಆ ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಜಾಲಹಳ್ಳಿಗೆ ಹೋಗುವುದೆಂದಾಯಿತು. ಸೊಸೆ ಅಡುಗೆಮನೆಯಲ್ಲಿದ್ದಳು. ಬೀಗಿತ್ತಿ ಕೋಣೆಯ ಬಾಗಿಲಲ್ಲಿ ನಿಂತು, ಬೆಳಿಗ್ಗೆ ಮಗುವಿನ ಶಾಲೆಯ ಗಾಡಿ ಎಷ್ಟಕ್ಕೆ, ಡಬ್ಬಿಗೆ ಏನು, ಯಾವ ದಿನ ಬಿಳಿ ಸಮವಸ್ತ್ರ ಎಂದು ನನ್ನನ್ನು ಕೇಳಿದರು. ಹೋಟೆಲಿನ ಮೇಜಿನ ನಂತರ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. "ದೊಡ್ಡ ಅಕ್ಷರದಾಗ ಬರದ ಕೊಡ್ರಿ. ನೀವು ಬರಿಯೂದ್ರಾಗ ಗಟ್ಟಿ ಅದೀರಿ" ಎಂದರು. ಹೊಗಳಿಕೆಯೋ ಚುಚ್ಚುಮಾತೋ ತಿಳಿಯಲಿಲ್ಲ, ಎರಡೂ ಇರಬಹುದು.

ಊಟದ ಮೇಜಿನ ಮುಂದೆ ಕೂತು ಬರೆದೆ. ಏಳುವುದು ಆರೂಕಾಲು. ಗಾಡಿ ಏಳೂ ನಲವತ್ತು, ಗೇಟಿನ ಎಡಬದಿ. ಬುಧವಾರ ಬಿಳಿ ಬಟ್ಟೆ. ಹಾಲಿಗೆ ಸಕ್ಕರೆ ಬೇಡ. ಮೊಸರನ್ನ ತಿನ್ನದಿದ್ದರೆ ದಾಳಿಂಬೆ ಬೆರೆಸಬೇಕು. ನನಗೆ ತಿಳಿದದ್ದನ್ನೆಲ್ಲ ಬರೆದೆ, ಒಂದನ್ನು ಬಿಟ್ಟು. ಬೆಳಿಗ್ಗೆ ಎಷ್ಟು ಕರೆದರೂ ಏಳದ ಆ ಮಗು, ಕಾಲಿನ ಹೆಬ್ಬೆರಳನ್ನು ಮೆಲ್ಲಗೆ ಎರಡು ಸಲ ಎಳೆದರೆ ನಗುತ್ತ ಏಳುತ್ತಾಳೆ. ಇದು ಅವಳ ತಾಯಿಗೂ ಗೊತ್ತಿಲ್ಲ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ. ಬರೆಯಲಿಲ್ಲ. ಹಾಳೆಯನ್ನು ಮಡಚದೆ ಬೀಗಿತ್ತಿಯ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿ, ಎರಡು ಕಡೆ ಕೇಳಿ ತಿಳಿದುಕೊಂಡರು.

ಆಮೇಲೆ ಕೋಣೆಯ ಮಂಚಕ್ಕೆ ಒಗೆದ ಹಾಸು ಹಾಕಿ, ನಾಲ್ಕೂ ಮೂಲೆಗಳನ್ನು ಒಳಗೆ ಮಡಚಿ, ಅವರ ಚೀಲವನ್ನು ಕಪಾಟಿನ ಕೆಳಗಿನ ಅರೆಯಲ್ಲಿಟ್ಟೆ. ಪ್ರಯಾಣದ ಬಟ್ಟೆಗಳಲ್ಲಿ ಮಗುವಿನ ಸಾಕ್ಸ್ ಮಾತ್ರ ಕೆಸರಾಗಿದ್ದವು. ಮೂರು ಜೊತೆ. ಅವನ್ನು ಕೈಯಲ್ಲೇ ತೊಳೆದು, ಹಿಂಡಿ, ಬಾಲ್ಕನಿಯ ತಂತಿಯ ಮೇಲೆ ಜೋಡಿ ಜೋಡಿಯಾಗಿ ಕ್ಲಿಪ್ ಹಾಕಿ ಒಣಹಾಕಿದೆ. ಗಂಟೆ ಎಂಟೂವರೆ.